ವ್ಯಕ್ತಿತ್ವ ಪರೀಕ್ಷೆ ಬರೆಯುವ ಮುನ್ನ, ಬರೆದ ನಂತರ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಗಳ ಓದುಗರಿಂದ ಪದೇ ಪದೇ ಬರುತ್ತಿರುವ ಪ್ರಶ್ನೆಯೊಂದಕ್ಕೆ ವಿವರವಾಗಿಯೇ ಉತ್ತರಿಸುವ ಕಾಲ ಬಂದಿದೆ. ರೆಸಾರ್ಟಿನ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಸಂದರ್ಶನಕ್ಕೂ ಮೊದಲೇ ವ್ಯಕ್ತಿತ್ವ ಪರೀಕ್ಷೆಯ ಲಿಂಕ್ ಬರುತ್ತದೆ. ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವವರಿಗೆ ತರಬೇತಿಯ ದಿನ ನಾಲ್ಕು ಅಕ್ಷರಗಳ ಹಣೆಪಟ್ಟಿಯೊಂದು ಸಿಗುತ್ತದೆ. ದ್ವಿತೀಯ ಪಿಯುಸಿ ಮುಗಿಸಿದ ಮಗಳು ‘ಅಂತರ್ಮುಖಿ’ ಎಂದು ಬಂದಿದೆ, ಹೋಟೆಲ್ ಮ್ಯಾನೇಜ್‌ಮೆಂಟಿಗೆ ಸೇರಿಸಬಹುದೇ ಎಂದು ತಂದೆತಾಯಿ ಕೇಳುತ್ತಾರೆ. ಈ ಪರೀಕ್ಷೆಗಳನ್ನು ನಂಬಬಹುದೇ, ನಂಬುವುದಾದರೆ ಎಷ್ಟರ ಮಟ್ಟಿಗೆ, ಫಲಿತಾಂಶ ಕೈಗೆ ಬಂದ ಮೇಲೆ ಅದರಿಂದ ಏನು ಮಾಡಬೇಕು ಎಂಬುದೇ ಎಲ್ಲರ ಪ್ರಶ್ನೆಯ ತಿರುಳು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಗ್ಗೆ ಒಳ್ಳೆಯ ಪ್ರಶ್ನೆಗಳನ್ನು ಎಬ್ಬಿಸುವುದಕ್ಕೆ ಈ ಪರೀಕ್ಷೆಗಳು ನಿಜಕ್ಕೂ ನೆರವಾಗುತ್ತವೆ. ನಿಮ್ಮ ಬಗ್ಗೆ ತೀರ್ಮಾನ ಕೊಡುವ ಯೋಗ್ಯತೆ ಅವುಗಳಲ್ಲಿ ಯಾವುದಕ್ಕೂ ಇಲ್ಲ. ಕೆಳಗಿನ ಹಂತಗಳೆಲ್ಲವೂ ಈ ಮಾತಿನ ಮೇಲೆ ನಿಂತಿವೆ.

ಬೇಕಾಗುವುದು ಹೆಚ್ಚೇನಲ್ಲ. ಅಡಚಣೆಯಿಲ್ಲದ ಒಂದು ಗಂಟೆಯ ಬಿಡುವು, ಒಂದು ನೋಟ್‌ಬುಕ್, ಮತ್ತು ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು. ಅವರಲ್ಲಿ ಒಬ್ಬರು ಮನೆಯವರು, ಇನ್ನೊಬ್ಬರು ಕೆಲಸದ ಜಾಗದವರಾಗಿದ್ದರೆ ಉತ್ತಮ. ಹಣ ಕೊಟ್ಟು ಬರೆಯುವ ಪರೀಕ್ಷೆಯೇ ಆಗಬೇಕೆಂದಿಲ್ಲ.

ಹಂತ 1: ಏಕೆ ಬರೆಯುತ್ತಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಿ

‘ನನಗೆ ಯಾವ ಕೆಲಸ ಹೊಂದುತ್ತದೆ?’ ಎಂಬ ಪ್ರಶ್ನೆಗೆ ಯಾವ ವ್ಯಕ್ತಿತ್ವ ಪರೀಕ್ಷೆಯೂ ಉತ್ತರ ಕೊಡಲಾರದು, ಏಕೆಂದರೆ ಅದರಲ್ಲಿ ಸಂಬಳ, ಊರು, ಓದು, ಮನೆಯ ಜವಾಬ್ದಾರಿ ಎಲ್ಲವೂ ಅಡಗಿವೆ. ‘ಹೋಂಸ್ಟೇಗೆ ಬಂದವರೊಡನೆ ಅರ್ಧ ದಿನ ಮಾತನಾಡಿದರೆ ಬಳಲಿಹೋಗುವ ನಾನು, ಇಡೀ ದಿನ ತೋಟದ ಲೆಕ್ಕ ಬರೆದರೂ ಏಕೆ ಬಳಲುವುದಿಲ್ಲ?’ ಎಂಬುದು ಕೇಳಬಹುದಾದ ಪ್ರಶ್ನೆ. ಪ್ರಶ್ನೆ ಹೀಗೆ ಮೊನಚಾಗಿದ್ದರೆ, ಹತ್ತು ಪುಟದ ಫಲಿತಾಂಶದಲ್ಲಿ ನಿಮಗೆ ಬೇಕಾದ ಎರಡು ಸಾಲುಗಳನ್ನು ಹುಡುಕಿಕೊಳ್ಳುವುದು ಸುಲಭವಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ವ್ಯಕ್ತಿತ್ವ, ಆಸಕ್ತಿ, ಸಾಮರ್ಥ್ಯ ಎಂಬ ಮೂರು ಬೇರೆ ಬೇರೆ ವಿಷಯಗಳನ್ನು ನಮ್ಮಲ್ಲಿ ಒಂದೇ ಚೀಲಕ್ಕೆ ತುಂಬುವ ರೂಢಿ ಇದೆ. ಮಗ ಅಥವಾ ಮಗಳು ಮುಂದೆ ಏನು ಓದಬೇಕು ಎಂಬುದೇ ಚಿಂತೆಯಾಗಿದ್ದರೆ ಮೊದಲು ನೋಡಬೇಕಾದದ್ದು ಆಸಕ್ತಿಯ ಪರೀಕ್ಷೆ. ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಚೌಕಟ್ಟು ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಕೈಕೆಲಸ, ಶೋಧನೆ, ಕಲೆ, ಜನಸೇವೆ, ವ್ಯವಹಾರ, ಕಚೇರಿಯ ಕ್ರಮಬದ್ಧ ಕೆಲಸ ಎಂಬ ಆರು ಬಗೆಯ ಒಲವುಗಳನ್ನು ಅದು ಅಳೆಯುತ್ತದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಸೇರಬೇಕೇ, ವಾಣಿಜ್ಯ ಪದವಿಗೆ ಹೋಗಬೇಕೇ ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗೆ, ತಾನು ಅಂತರ್ಮುಖಿಯೋ ಬಹಿರ್ಮುಖಿಯೋ ಎಂಬುದಕ್ಕಿಂತ ಕಾಡುಮೇಡಿನ ಓಡಾಟ ತನಗೆ ಹಿಡಿಸುತ್ತದೆಯೇ ಎಂಬುದು ಮುಖ್ಯ.

ಹಂತ 2: ನಿಮ್ಮ ಮುಂದಿರುವುದು ಯಾವ ಬಗೆಯ ಪರೀಕ್ಷೆ ಎಂದು ಗುರುತಿಸಿ

ಓದುಗರು ಎಡವುವುದು ಹೆಚ್ಚಾಗಿ ಈ ಹಂತದಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿಯೇ ಸಾಗೋಣ.

ಪರೀಕ್ಷೆಗಳನ್ನು ಸ್ಥೂಲವಾಗಿ ಎರಡು ಪಂಗಡ ಮಾಡಬಹುದು. ಮೊದಲನೆಯದು ಜನರನ್ನು ವರ್ಗಗಳಿಗೆ ಹಂಚುವಂಥದು. ನೀವು ಈ ವರ್ಗದವರು, ಅವರು ಆ ವರ್ಗದವರು ಎಂದು ಅದು ಹೇಳುತ್ತದೆ. ಎರಡನೆಯದು ಕೆಲವು ಗುಣಗಳನ್ನು ಅಳೆಯುವಂಥದು. ಈ ಗುಣ ನಿಮ್ಮಲ್ಲಿ ಇಷ್ಟಿದೆ, ಆ ಗುಣ ಅಷ್ಟಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ವರ್ಗಕ್ಕೆ ಹಂಚುವ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು ಮೈಯರ್ಸ್–ಬ್ರಿಗ್ಸ್, ಅಂದರೆ ಎಂಬಿಟಿಐ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಇದನ್ನು ರೂಪಿಸಿದರು. ಇಬ್ಬರೂ ಮನೋವಿಜ್ಞಾನದಲ್ಲಿ ಕ್ರಮಬದ್ಧ ತರಬೇತಿ ಪಡೆದವರಲ್ಲ. ಅವರ ಶ್ರಮ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರೀಕ್ಷೆಯ ರೂಪ ತಾಳಿ, 1962ರಲ್ಲಿ ಅದರ ಕೈಪಿಡಿ ಹೊರಬಂತು. ಶಕ್ತಿ ದೊರೆಯುವುದು ಜನರ ನಡುವೆಯೋ ಏಕಾಂತದಲ್ಲಿಯೋ, ಗಮನ ಹರಿಯುವುದು ಕಣ್ಣೆದುರಿನ ವಿವರದತ್ತಲೋ ಒಟ್ಟು ಹೊಳಹಿನತ್ತಲೋ, ನಿರ್ಧಾರ ತರ್ಕದಿಂದಲೋ ಭಾವನೆಯಿಂದಲೋ, ಬದುಕು ಯೋಜನೆಯಂತೆಯೋ ಬಂದದ್ದು ಬಂದಂತೆಯೋ ಎಂಬ ನಾಲ್ಕು ಜೋಡಿಗಳಲ್ಲಿ ಒಂದೊಂದನ್ನು ಆರಿಸಿದರೆ ಒಟ್ಟು 16 ವರ್ಗಗಳಾಗುತ್ತವೆ. ಐಎನ್‌ಟಿಜೆ, ಇಎಸ್‌ಎಫ್‌ಪಿ ಮುಂತಾದವು ಇವುಗಳ ಗುರುತಕ್ಷರಗಳು. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವ, ನಾಲ್ಕು ಅಕ್ಷರಗಳ ಪಕ್ಕದಲ್ಲಿ ಐದನೆಯದೊಂದನ್ನು ಸೇರಿಸಿ ಕೊಡುವ ಜನಪ್ರಿಯ ಪರೀಕ್ಷೆ ಮೂಲ ಎಂಬಿಟಿಐ ಅಲ್ಲ ಎಂಬುದನ್ನೂ ಗಮನಿಸಿ.

ಇದೇ ಪಂಗಡಕ್ಕೆ ಸೇರಿದ, ನಡವಳಿಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಡಿಸ್ಕ್ ಪರೀಕ್ಷೆ ತರಬೇತಿ ಕೊಡುವವರ ಅಚ್ಚುಮೆಚ್ಚಿನದು. ವಿಲಿಯಂ ಮಾರ್ಸ್ಟನ್ 1928ರಲ್ಲಿ ಮಂಡಿಸಿದ ಸಿದ್ಧಾಂತ ಅದರ ಬೇರು. (ವಂಡರ್ ವುಮನ್ ಎಂಬ ಚಿತ್ರಕಥಾ ನಾಯಕಿಯನ್ನು ಸೃಷ್ಟಿಸಿದವರೂ ಇವರೇ.) ಒಂಬತ್ತು ವರ್ಗಗಳ ಎನಿಯಾಗ್ರಾಮ್ ಎಂಬುದೊಂದಿದೆ, ಅದರ ಹಿಂದಿರುವ ಸಂಶೋಧನೆ ತೀರಾ ತೆಳು, ಹಾಗಾಗಿ ಕೆಲಸದ ವಿಷಯದಲ್ಲಿ ಅದನ್ನು ಪಕ್ಕಕ್ಕಿಡುವುದೇ ವಾಸಿ.

ಗುಣಗಳನ್ನು ಅಳೆಯುವ ಪಂಗಡದಲ್ಲಿ ಮುಖ್ಯವಾದದ್ದು ‘ಬಿಗ್ ಫೈವ್’, ಅಂದರೆ ಪಂಚಗುಣ ಮಾದರಿ. ಇದು ಒಬ್ಬರ ಹೊಳಹಿನಿಂದ ಹುಟ್ಟಿದ್ದಲ್ಲ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಎಂಬುವರು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನ ದಶಕಗಳಲ್ಲಿ ಬೇರೆ ಬೇರೆ ಸಂಶೋಧಕರು ಅಂಥ ಪದಗಳನ್ನು ಸಾವಿರಾರು ಜನರ ಉತ್ತರಗಳೊಡನೆ ತಾಳೆ ನೋಡುತ್ತ ಹೋದಾಗ ಅವು ಐದು ಗುಂಪುಗಳಾಗಿ ಕೂಡಿಕೊಂಡವು: ಹೊಸತಿಗೆ ತೆರೆದುಕೊಳ್ಳುವ ಮನಸ್ಸು, ಶ್ರದ್ಧೆ ಮತ್ತು ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಮತ್ತು ಮನಸ್ಸು ಬೇಗ ಕದಡುವ ಸ್ವಭಾವ. ಸಂಶೋಧನೆಯಲ್ಲಿ ಇಂದು ಹೆಚ್ಚಾಗಿ ಬಳಕೆಯಾಗುವುದು ಈ ಮಾದರಿಯೇ. ಲೂಯಿಸ್ ಗೋಲ್ಡ್‌ಬರ್ಗ್ ಆರಂಭಿಸಿದ ಐಪಿಐಪಿ ಎಂಬ ಪ್ರಶ್ನಾಭಂಡಾರ ಯಾರ ಸ್ವಾಮ್ಯಕ್ಕೂ ಒಳಪಡದೆ ಎಲ್ಲರಿಗೂ ಮುಕ್ತವಾಗಿರುವುದರಿಂದ, ಅದನ್ನು ಆಧರಿಸಿದ ಪುಕ್ಕಟೆ ಪರೀಕ್ಷೆಗಳು ಸಾಕಷ್ಟಿವೆ. ಆಯ್ಕೆ ನಿಮ್ಮ ಕೈಯಲ್ಲೇ ಇದ್ದರೆ ಇಂಥದ್ದನ್ನೇ ಬರೆಯಿರಿ.

ವರ್ಗಗಳ ಪರೀಕ್ಷೆಗಿಂತ ಗುಣಗಳ ಪರೀಕ್ಷೆ ಏಕೆ ಮೇಲು ಎಂಬುದು ಕೊಡಗಿನವರಿಗೆ ತಿಳಿಯುವುದು ಕಷ್ಟವಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಜರಡಿಗೆ ಹಾಕಿದಾಗ, ತೂತಿಗಿಂತ ಕೂದಲೆಳೆಯಷ್ಟು ದಪ್ಪಗಿದ್ದ ಬೀಜ ಮೇಲೆ ಉಳಿದು ‘ಎ’ ದರ್ಜೆಯ ಚೀಲ ಸೇರುತ್ತದೆ, ಅಷ್ಟೇ ಸಣ್ಣಗಿದ್ದದ್ದು ಕೆಳಗೆ ಬಿದ್ದು ‘ಬಿ’ ದರ್ಜೆಯದಾಗುತ್ತದೆ. ಆ ಎರಡು ಬೀಜಗಳ ನಡುವೆ ಇರುವ ವ್ಯತ್ಯಾಸ ಒಂದೇ ಚೀಲದೊಳಗಿನ ಬೀಜಗಳ ನಡುವಿನ ವ್ಯತ್ಯಾಸಕ್ಕಿಂತ ಕಡಿಮೆ. ಬಹಿರ್ಮುಖತೆಯಂಥ ಗುಣದಲ್ಲಿ ಬಹುಪಾಲು ಜನ ನಡುಮಟ್ಟದಲ್ಲೇ ಇರುತ್ತಾರೆ. ಗೆರೆಯನ್ನು ಸರಿಯಾಗಿ ಆ ನಡುವಿನಲ್ಲೇ ಎಳೆದರೆ, ಒಂದೆರಡು ಪ್ರಶ್ನೆಗೆ ಉತ್ತರ ಬದಲಾದರೂ ಸಾಕು, ವರ್ಗವೇ ಬದಲಾಗುತ್ತದೆ. ಎಂಬಿಟಿಐಯನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಬರೆದವರಲ್ಲಿ ಗಣನೀಯ ಪಾಲು ಜನರಿಗೆ ಎರಡನೆಯ ಸಲ ಬೇರೆ ವರ್ಗ ಬಂದದ್ದನ್ನು ಅಧ್ಯಯನಗಳು ಗುರುತಿಸಿರುವುದಕ್ಕೆ ಕಾರಣ ಇದೇ. 1989ರಲ್ಲಿ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ ಎರಡೂ ಮಾದರಿಗಳನ್ನು ಹೋಲಿಸಿ ನೋಡಿದಾಗ, ಎಂಬಿಟಿಐಯ ನಾಲ್ಕು ಜೋಡಿಗಳು ಪಂಚಗುಣಗಳ ಪೈಕಿ ನಾಲ್ಕಕ್ಕೆ ಸಂಬಂಧಿಸಿರುವುದು ಕಂಡಿತು. ಬಿಟ್ಟುಹೋದದ್ದು ಐದನೆಯದು, ಮನಸ್ಸು ಕದಡುವ ಸ್ವಭಾವ. ಎಂಬಿಟಿಐ ಫಲಿತಾಂಶ ಓದಿದವರೆಲ್ಲ ಖುಷಿಯಾಗಿಯೇ ಏಳುವುದಕ್ಕೆ ಈ ಲೋಪವೂ ಒಂದು ಕಾರಣವೆಂದು ನನ್ನ ಊಹೆ.

ಕಚೇರಿಯವರು ಎಂಬಿಟಿಐಯನ್ನೇ ಬರೆಯಲು ಹೇಳಿದರೆ ಬೇಡವೆನ್ನಬೇಕಾಗಿಲ್ಲ. ಬರೆಯಿರಿ, ಆದರೆ ಅಕ್ಷರಗಳನ್ನು ಬಿಟ್ಟು, ಪ್ರತಿ ಜೋಡಿಯಲ್ಲಿ ನೀವು ಗೆರೆಯಿಂದ ಎಷ್ಟು ದೂರದಲ್ಲಿದ್ದೀರಿ ಎಂಬ ಅಂಕವನ್ನು ಕೇಳಿ ಪಡೆದುಕೊಳ್ಳಿ.

ಹಂತ 3: ಬರೆಯುವ ಹೊತ್ತನ್ನೂ ಭಾಷೆಯನ್ನೂ ಆರಿಸಿಕೊಳ್ಳಿ

ಕಾಫಿ ಕುಯ್ಲಿನ ಭರಾಟೆಯಲ್ಲಿ, ಇಲ್ಲವೇ ಸಾಲು ರಜೆಗಳಿಂದ ಹೋಂಸ್ಟೇ ತುಂಬಿ ತುಳುಕುವ ವಾರದಲ್ಲಿ ಪರೀಕ್ಷೆ ಬರೆಯಬೇಡಿ. ನಿದ್ದೆಗೆಟ್ಟು ಬರೆದ ಉತ್ತರಗಳು ನಿಮ್ಮ ಸ್ವಭಾವಕ್ಕಿಂತ ನಿಮ್ಮ ದಣಿವನ್ನೇ ಹೆಚ್ಚು ಹೇಳುತ್ತವೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದು ಎಲ್ಲಿಯಾದರೂ ಅರ್ಥ ಅಸ್ಪಷ್ಟವಾದರೆ ಬಲ್ಲವರನ್ನು ಕೇಳಿಕೊಂಡೇ ಮುಂದುವರಿಯಿರಿ. ಯಂತ್ರಾನುವಾದದ ಕನ್ನಡ ಪ್ರಶ್ನೆಗಳಲ್ಲಿ ‘ಇಲ್ಲ’ ಎಂಬ ಒಂದು ಪದ ಅದಲುಬದಲಾದರೂ ಉತ್ತರ ತಲೆಕೆಳಗಾಗುತ್ತದೆ. ಅದರಲ್ಲೂ ಈ ಪರೀಕ್ಷೆಗಳಲ್ಲಿ ತಿರುವುಮುರುವು ಹೇಳಿಕೆಗಳು, ಅಂದರೆ ಒಪ್ಪಿದರೆ ಅಂಕ ಕಡಿಮೆಯಾಗುವಂಥವು, ಬೇಕೆಂದೇ ಸೇರಿಸಲಾಗಿರುತ್ತದೆ.

ಹೇಗಿರಬೇಕೆಂದು ಬಯಸುತ್ತೀರೋ ಹಾಗೆ ಉತ್ತರಿಸುವುದು ಎಲ್ಲರೂ ಬೀಳುವ ಹಳ್ಳ. ‘ನಾನು ಕೆಲಸವನ್ನು ಮುಂದೂಡುವುದಿಲ್ಲ’ ಎಂಬ ಹೇಳಿಕೆ ಬಂದಾಗ, ಕಳೆದ ತಿಂಗಳಿನಲ್ಲಿ ನಿಜವಾಗಿ ನಡೆದದ್ದನ್ನು ನೆನಪಿಸಿಕೊಂಡು ಗುರುತು ಹಾಕಿ. ಪ್ರತಿ ಪ್ರಶ್ನೆಗೂ ನಡುವಿನ ಉತ್ತರವನ್ನೇ ಆರಿಸಿಕೊಂಡು ಹೋದರೂ ಪ್ರಯೋಜನವಿಲ್ಲ.

ಹಂತ 4: ಫಲಿತಾಂಶವನ್ನು ಅನುಮಾನದಿಂದ ಓದಿ

‘ಅಯ್ಯೋ, ಇದು ನನ್ನದೇ ಜಾತಕ ಬರೆದಂತಿದೆ’ ಎಂದು ಅನಿಸಿದರೆ ಅದು ಪರೀಕ್ಷೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟು, ಕೆಲವು ದಿನಗಳ ನಂತರ ಪ್ರತಿಯೊಬ್ಬರಿಗೂ ಅವರವರದೇ ಎಂದು ಹೇಳಿ ವಿವರಣೆಯೊಂದನ್ನು ಹಂಚಿದ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು 5ರವರೆಗೆ ಅಂಕ ಕೊಡಲು ಹೇಳಿದಾಗ ಬಂದ ಸರಾಸರಿ 4.26. ಎಲ್ಲರ ಕೈಗೂ ಸಿಕ್ಕಿದ್ದ ವಿವರಣೆ ಒಂದೇ; ಅದರ ಬಹುಪಾಲನ್ನು ಆತ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ಯಾರಿಗೆ ಬೇಕಾದರೂ ಹೊಂದುವ ಮಾತನ್ನು ನಮಗೇ ಹೇಳಿದ್ದೆಂದು ಒಪ್ಪಿಕೊಳ್ಳುವ ಈ ಗುಣಕ್ಕೆ ಬಾರ್ನಮ್ ಪರಿಣಾಮ ಎಂಬ ಹೆಸರಿದೆ.

ಆದ್ದರಿಂದ ಒಂದು ಕೆಂಪು ಪೆನ್ನು ಹಿಡಿದು ಕುಳಿತು, ನಿಮ್ಮ ಪರಿಚಯದ ಎಲ್ಲರಿಗೂ ಸಲ್ಲುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ‘ನೀವು ಸಾಮಾನ್ಯವಾಗಿ ಸಮಾಧಾನಿ, ಆದರೆ ಕೆಲವೊಮ್ಮೆ ತಾಳ್ಮೆ ಕಳೆದುಕೊಳ್ಳುತ್ತೀರಿ’ ಎಂಬಂಥ ಮಾತುಗಳು ಮೊದಲು ಹೋಗಬೇಕು. ಉಳಿದದ್ದು ಅರ್ಧ ಪುಟವಾದರೆ ಅದೇ ನಿಮ್ಮ ಫಲಿತಾಂಶ.

ಪಂಚಗುಣ ಪರೀಕ್ಷೆಗಳಲ್ಲಿ ‘ಪರ್ಸೆಂಟೈಲ್’ ಎಂಬ ಸಂಖ್ಯೆ ಬರುತ್ತದೆ. ಶ್ರದ್ಧೆಯಲ್ಲಿ 70 ಎಂದರೆ, ಹೋಲಿಕೆಗೆ ತೆಗೆದುಕೊಂಡ 100 ಜನರಲ್ಲಿ ಸುಮಾರು 70 ಮಂದಿಗಿಂತ ನಿಮ್ಮ ಅಂಕ ಹೆಚ್ಚು ಎಂದರ್ಥ. ಶಾಲೆಯ ಪರೀಕ್ಷೆಯಲ್ಲಿ 70 ಅಂಕ ಬಂದಂತೆ ಅಲ್ಲ. ಹೋಲಿಕೆಯ ಆ ಜನ ಯಾರು ಎಂಬುದನ್ನು ಕೇಳಲೇಬೇಕು. ಅವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಾಗಿದ್ದರೆ, ಸೋಮವಾರಪೇಟೆಯ ನಲವತ್ತು ವರ್ಷದ ಬೆಳೆಗಾರರಿಗೆ ಆ ಸಂಖ್ಯೆಯಿಂದ ತಿಳಿಯುವುದು ಅಲ್ಪ. ಮಾದರಿಯೇ ಎಲ್ಲ ಜನರಿಗೂ ಹೊಂದುತ್ತದೆ ಎನ್ನುವಂತಿಲ್ಲ. ಬೊಲಿವಿಯಾದ ತ್ಸಿಮಾನೆ ಎಂಬ ಬೇಸಾಯ ಮತ್ತು ಬೇಟೆಯ ಸಮುದಾಯದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಗುಣಗಳ ವಿಂಗಡಣೆ ಮೂಡಿಬರಲಿಲ್ಲ. 40ರಿಂದ 60ರ ನಡುವಿನ ಯಾವುದೇ ಅಂಕವನ್ನು ‘ಎಲ್ಲರಂತೆ’ ಎಂದು ಓದಿಕೊಂಡು ಮುಂದಕ್ಕೆ ಹೋಗಿ.

ಹಂತ 5: ನಿಮ್ಮನ್ನು ಬಲ್ಲ ಇಬ್ಬರನ್ನು ಕೇಳಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಬೆಲೆಬಾಳುವುದು ಇದೇ. ಒಬ್ಬ ವ್ಯಕ್ತಿ ಕೆಲಸದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಆತ ತನಗೇ ಕೊಟ್ಟುಕೊಂಡ ಅಂಕಗಳಿಗಿಂತ, ಅವನನ್ನು ಬಲ್ಲವರು ಕೊಟ್ಟ ಅಂಕಗಳು ಚೆನ್ನಾಗಿ ಮುನ್ಸೂಚಿಸುತ್ತವೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಒಳಗಿನ ಆತಂಕ, ಅಳುಕು ನಮಗೇ ಹೆಚ್ಚು ಗೊತ್ತು. ನಮ್ಮ ಶಿಸ್ತು, ಸೌಜನ್ಯಗಳು ಎದುರಿಗಿದ್ದವರಿಗೆ ಹೆಚ್ಚು ಗೊತ್ತು.

ಮಾಡಬೇಕಾದದ್ದು ಸರಳ. ಅದೇ ಪ್ರಶ್ನೆಗಳನ್ನು ನಿಮ್ಮ ಬಗ್ಗೆ ಉತ್ತರಿಸುವಂತೆ ಇಬ್ಬರನ್ನು ಕೇಳಿಕೊಳ್ಳಿ. ಉತ್ತರಿಸುವಾಗ ನೀವು ಪಕ್ಕದಲ್ಲಿ ಕೂರಬೇಡಿ. ನಮ್ಮ ಕಡೆ ಹಿರಿಯರ ಬಗ್ಗೆ, ಅದರಲ್ಲೂ ಸಂಬಳ ಕೊಡುವವರ ಬಗ್ಗೆ, ಮುಖದ ಮೇಲೆ ಹೇಳುವ ಅಭ್ಯಾಸ ಕಡಿಮೆ. ಆದ್ದರಿಂದ ನೀವು ಮಾಲೀಕರಾಗಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯನ್ನು ಇದಕ್ಕೆ ಆರಿಸಿಕೊಳ್ಳಬೇಡಿ, ಸಮಾನರನ್ನು ಆರಿಸಿಕೊಳ್ಳಿ. ಮೂರೂ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು, ಮೂವರೂ ಒಪ್ಪಿದ ಗುಣ ಯಾವುದು, ನಿಮ್ಮ ಅಂಕಕ್ಕೂ ಅವರಿಬ್ಬರ ಅಂಕಕ್ಕೂ ದೂರವಾಗಿರುವ ಗುಣ ಯಾವುದು ಎಂದು ಬರೆದುಕೊಳ್ಳಿ. ಮನೆಯವರು ಒಂದು ಹೇಳಿ ಕೆಲಸದ ಜಾಗದವರು ಇನ್ನೊಂದು ಹೇಳಿದರೆ ಇಬ್ಬರೂ ಸರಿಯಾಗಿರಬಹುದು. ಕಚೇರಿಯಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುವವರು ಮನೆಯಲ್ಲಿ ಒದ್ದೆ ಟವೆಲನ್ನು ಮಂಚದ ಮೇಲೆ ಬಿಡುವುದುಂಟು; ಸನ್ನಿವೇಶ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ ಎಂಬುದನ್ನು 1960ರ ದಶಕದಲ್ಲೇ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಒತ್ತಿ ಹೇಳಿದ್ದರು.

ಹಂತ 6: ಕೆಲಸದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ನೋಡಿ

ಫಲಿತಾಂಶದಿಂದ ಕೆಲಸಕ್ಕೆ ಆಗಬಹುದಾದ ಉಪಕಾರ ಇಲ್ಲಿದೆ. ಹೋಂಸ್ಟೇ ನಡೆಸುವ ದಂಪತಿಗಳಲ್ಲಿ ಒಬ್ಬರ ಬಹಿರ್ಮುಖತೆಯ ಅಂಕ ಹೆಚ್ಚಿದ್ದು ಇನ್ನೊಬ್ಬರದು ಕಡಿಮೆಯಿದ್ದರೆ, ಅತಿಥಿಗಳು ಬಂದಿಳಿಯುವ ಹೊತ್ತಿನ ಮಾತುಕತೆಯನ್ನು ಮೊದಲನೆಯವರೂ, ಬುಕಿಂಗ್, ಬಿಲ್ಲು, ಸಾಮಾನಿನ ಲೆಕ್ಕವನ್ನು ಎರಡನೆಯವರೂ ನೋಡಿಕೊಳ್ಳುವ ಏರ್ಪಾಡನ್ನು ಮೂರು ವಾರ ಮಾಡಿ ನೋಡಬಹುದು. ಹೊಸತಿನತ್ತ ಒಲವು ಕಡಿಮೆ, ಶ್ರದ್ಧೆ ಹೆಚ್ಚು ಎಂದು ಬಂದಿರುವ ರೈಟರ್‌ಗೆ ಚೆಕ್‌ರೋಲನ್ನು (ಕೆಲಸಗಾರರ ಹಾಜರಿ ಪಟ್ಟಿಯನ್ನು) ಕಾಗದದಿಂದ ಮೊಬೈಲಿಗೆ ಒಮ್ಮೆಲೇ ಬದಲಾಯಿಸಲು ಹೇಳುವ ಬದಲು, ಎರಡನ್ನೂ ಒಂದು ತಿಂಗಳು ಜೊತೆಯಲ್ಲೇ ನಡೆಸುವುದು ಸೂಕ್ತ. ಸೌಹಾರ್ದದ ಅಂಕ ತೀರಾ ಹೆಚ್ಚಿರುವ ನೀವು ವ್ಯಾಪಾರಿಯೊಡನೆ ಕಾಫಿಯ ದರ ಮಾತನಾಡಲು ಹೋಗುವ ಮುನ್ನ, ಇದಕ್ಕಿಂತ ಕೆಳಗಿಳಿಯುವುದಿಲ್ಲ ಎಂಬ ದರವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಬದಲಾವಣೆ ಒಂದೇ ಇರಲಿ. ಅವಧಿ ಮೊದಲೇ ನಿಗದಿಯಾಗಿರಲಿ. ಅವಧಿ ಮುಗಿದ ಮೇಲೆ ಕೆಲಸ ಹಗುರಾಯಿತೇ, ತಪ್ಪುಗಳು ಕಡಿಮೆಯಾದವೇ ಎಂದು ನೋಡಿ. ಏನೂ ವ್ಯತ್ಯಾಸ ಕಾಣದಿದ್ದರೆ ಫಲಿತಾಂಶದ ಆ ಸಾಲನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕಿ.

ಅಂತರ್ಮುಖಿಗಳು ಅತಿಥಿ ಸತ್ಕಾರಕ್ಕೆ, ಮಾರಾಟಕ್ಕೆ ಲಾಯಕ್ಕಲ್ಲ ಎಂಬ ನಂಬಿಕೆಯನ್ನು ಬಿಡಿ. ಕಾಲ್ ಸೆಂಟರಿನ ಮಾರಾಟಗಾರರನ್ನು ಕುರಿತು ಆ್ಯಡಮ್ ಗ್ರಾಂಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಆದಾಯ ತಂದವರು ಎರಡು ತುದಿಯವರಲ್ಲ, ನಡುಮಟ್ಟದವರು. ಹಾಗಾಗಿ ಆರಂಭದಲ್ಲಿ ಹೇಳಿದ ಹುಡುಗಿಗೆ ಆಸಕ್ತಿ ಇದ್ದರೆ ಹೋಟೆಲ್ ಮ್ಯಾನೇಜ್‌ಮೆಂಟಿಗೆ ಧಾರಾಳವಾಗಿ ಸೇರಿಸಬಹುದು. ಆ ಓದಿನಲ್ಲಿ ಅಡುಗೆಮನೆ, ಲೆಕ್ಕಪತ್ರ, ಹೌಸ್‌ಕೀಪಿಂಗ್ ಎಲ್ಲವೂ ಇವೆ.

‘ನಾನು ಇಂಥ ವರ್ಗದವನು, ನನ್ನಿಂದ ಸಮಯಕ್ಕೆ ಸರಿಯಾಗಿ ಬರಲು ಆಗುವುದಿಲ್ಲ’ ಎಂದು ಫಲಿತಾಂಶವನ್ನು ಗುರಾಣಿಯಾಗಿ ಹಿಡಿಯುವುದು ಕಚೇರಿಗಳಲ್ಲಿ ಹೊಸದಾಗಿ ಕಾಣುತ್ತಿರುವ ಚಾಳಿ. ಸ್ವಭಾವ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಒಂದೇ ಜನರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನಗಳನ್ನು ಒಟ್ಟುಮಾಡಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ವಯಸ್ಸು ಏರಿದಂತೆ ಜನರಲ್ಲಿ ಶ್ರದ್ಧೆ ಹೆಚ್ಚುತ್ತದೆ, ಮನಸ್ಸು ಕದಡುವುದು ಕಡಿಮೆಯಾಗುತ್ತದೆ. ಬದಲಾವಣೆ ಹೆಚ್ಚು ನಡೆಯುವುದು 20ರಿಂದ 40ರ ವಯಸ್ಸಿನಲ್ಲಿ.

ಹಂತ 7: ನೇಮಕದ ವಿಷಯದಲ್ಲಿ ದೂರವಿರಿ, ಆಗದಿದ್ದರೆ ಎಚ್ಚರವಿರಲಿ

ನೀವು ಕೆಲಸ ಕೊಡುವವರಾಗಿದ್ದರೆ: ಎಂಬಿಟಿಐಯನ್ನು ನೇಮಕಕ್ಕೆ ಬಳಸಬಾರದು ಎಂದು ಅದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ. ಪಂಚಗುಣಗಳಲ್ಲಿ ಶ್ರದ್ಧೆಯೊಂದು ಮಾತ್ರ ಎಲ್ಲ ಬಗೆಯ ಉದ್ಯೋಗಗಳಲ್ಲೂ ಕೆಲಸದ ಗುಣಮಟ್ಟದೊಡನೆ ಸಂಬಂಧ ತೋರಿಸುತ್ತದೆ ಎಂದು 1991ರಲ್ಲಿ ಮರ್ರಿ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ ಕಂಡುಕೊಂಡರು. ಆದರೆ ಆ ಸಹಸಂಬಂಧ, ಅಂದರೆ ಒಂದು ಏರಿದಂತೆ ಇನ್ನೊಂದು ಏರುವ ಪ್ರಮಾಣ, ಸುಮಾರು 0.2 ಅಷ್ಟೇ. 0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಸಂಬಂಧ. ನೂರಾರು ಅರ್ಜಿಗಳನ್ನು ಸೋಸುವ ದೊಡ್ಡ ಕಂಪನಿಗೆ ಇದರಿಂದ ಅಲ್ಪಸ್ವಲ್ಪ ಲಾಭವಾದೀತು; ಮೂವರಲ್ಲಿ ಒಬ್ಬರನ್ನು ಆರಿಸಬೇಕಾದ ಹೋಂಸ್ಟೇ ಮಾಲೀಕರಿಗೆ ಆಗದು. ಅದರ ಬದಲು ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಉತ್ತರಕ್ಕೆ ಮೊದಲೇ ನಿಗದಿಪಡಿಸಿದ ಅಳತೆಯಂತೆ ಅಂಕ ಕೊಡಿ. ಸಾಧ್ಯವಾದರೆ ಅರ್ಧ ದಿನ ಸಂಬಳ ಕೊಟ್ಟು ನಿಜವಾದ ಕೆಲಸವನ್ನೇ ಮಾಡಿಸಿ ನೋಡಿ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ನಡೆಸಿದ ಮರುವಿಶ್ಲೇಷಣೆಯಲ್ಲಿ ಆಯ್ಕೆಯ ವಿಧಾನಗಳ ಪೈಕಿ ಮೊದಲ ಸ್ಥಾನ ಪಡೆದದ್ದು ಇಂಥ ಕ್ರಮಬದ್ಧ ಸಂದರ್ಶನವೇ.

ನೀವು ಕೆಲಸ ಕೇಳುವವರಾಗಿದ್ದರೆ ಲಿಂಕ್ ಒತ್ತುವ ಮೊದಲು ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ: ಪರೀಕ್ಷೆಯ ಹೆಸರೇನು, ಆಯ್ಕೆಯಲ್ಲಿ ಅದಕ್ಕೆ ಎಷ್ಟು ತೂಕ, ನನ್ನ ಉತ್ತರಗಳು ಯಾರ ಬಳಿ ಎಷ್ಟು ಕಾಲ ಇರುತ್ತವೆ. ವೈಯಕ್ತಿಕ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬುದು ಸ್ಪಷ್ಟವಾಗಿರಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು.

ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಬರುವ ‘ನಿಮ್ಮ ವ್ಯಕ್ತಿತ್ವ ಯಾವ ಬಣ್ಣ?’ ಮಾದರಿಯ ಆಟಗಳನ್ನು ಆಡಲೇಬೇಡಿ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಅವರ ಒಪ್ಪಿಗೆಯಿಲ್ಲದೆ ರಾಜಕೀಯ ಪ್ರಚಾರದ ಸಂಸ್ಥೆಯೊಂದರ ಕೈಸೇರಿದ, 2018ರಲ್ಲಿ ಬಯಲಾದ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣದ ಮೂಲ ಫೇಸ್‌ಬುಕ್ಕಿನ ವ್ಯಕ್ತಿತ್ವ ಪರೀಕ್ಷೆಯೊಂದರ ಆ್ಯಪ್. ಭಾರತದಲ್ಲಿ ಅದನ್ನು ಹಾಕಿಕೊಂಡವರು 335 ಜನ. ಅವರ ಸ್ನೇಹಿತರ ಬಳಗವನ್ನೂ ಸೇರಿಸಿ ಮಾಹಿತಿ ಸೋರಿರಬಹುದಾದವರು 5.62 ಲಕ್ಷ ಎಂದು ಫೇಸ್‌ಬುಕ್ಕೇ ಹೇಳಿತ್ತು.

ಹಂತ 8: ಮನೆಯ ವಿಷಯಕ್ಕೆ ತರುವಾಗ ಮಿತಿ ಇರಲಿ

ಗಣಕೂಟ ನೋಡುವ ಜಾಗದಲ್ಲಿ ಈಗ ನಾಲ್ಕಕ್ಷರದ ಕೂಟ ನೋಡುವವರು ಬರುತ್ತಿದ್ದಾರೆ. ಇಂಥ ವರ್ಗದ ಹುಡುಗನಿಗೆ ಇಂಥ ವರ್ಗದ ಹುಡುಗಿಯೇ ಆಗಬೇಕು ಎನ್ನುವ ಪಟ್ಟಿಗಳಿಗೆ ಗಟ್ಟಿ ಆಧಾರವಿಲ್ಲ. ಮದುವೆಯಾದವರು ಹಂತ 5ನ್ನು ಒಬ್ಬರಿಗೊಬ್ಬರು ಮಾಡಿಕೊಂಡರೆ ಮಾತ್ರ ಸ್ವಲ್ಪ ಪ್ರಯೋಜನವಾದೀತು, ಅದೂ ಜಗಳವಿಲ್ಲದ ದಿನ.

ಮಕ್ಕಳ ಎದುರಿಗೆ ಹಣೆಪಟ್ಟಿಯನ್ನು ಉಚ್ಚರಿಸಬೇಡಿ. ‘ಇವನು ಹಾಗೇ’ ಎಂದು ನೆಂಟರೆದುರು ಹೇಳಿದ್ದನ್ನು ಮಗು ನಿಜ ಮಾಡಿ ತೋರಿಸುತ್ತದೆ.

ಮನಸ್ಸು ಕದಡುವ ಸ್ವಭಾವದ ಅಂಕ ಹೆಚ್ಚು ಬಂದರೆ ಅದು ರೋಗವಲ್ಲ, ಕಡಿಮೆ ಬಂದರೆ ಎಲ್ಲವೂ ಸರಿಯಿದೆ ಎಂದೂ ಅಲ್ಲ. ನಿದ್ದೆ, ಊಟ, ಕೆಲಸದ ಆಸಕ್ತಿ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಪರೀಕ್ಷೆಗಳನ್ನು ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಸೈನ್ಯಕ್ಕೆ ಹೋಗುವವರಿಗೆ ಪ್ರತ್ಯೇಕವಾಗಿ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಜಿಲ್ಲೆಯಲ್ಲಿ, ಕೂಡಿಗೆಯಲ್ಲೇ ಸೈನಿಕ ಶಾಲೆ ಇರುವಾಗ, ಎಸ್‌ಎಸ್‌ಬಿ, ಅಂದರೆ ಸೇನೆಯ ಅಧಿಕಾರಿಗಳನ್ನು ಆರಿಸುವ ಮಂಡಳಿ, ನಡೆಸುವ ಮನೋವೈಜ್ಞಾನಿಕ ಪರೀಕ್ಷೆಯ ಬಗ್ಗೆ ಪ್ರಶ್ನೆಗಳು ಬರುವುದು ಸಹಜ. ಅದು ಮೇಲೆ ಹೇಳಿದವುಗಳ ಜಾತಿಗೆ ಸೇರಿದ್ದಲ್ಲ. ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಗುರುತು ಹಾಕುವ ಕೆಲಸ ಅಲ್ಲಿಲ್ಲ.

ಮೊದಲು ಚಿತ್ರಕಥೆ: 11 ಅಸ್ಪಷ್ಟ ಚಿತ್ರಗಳು ಮತ್ತು ಒಂದು ಖಾಲಿ ಪರದೆ, ಪ್ರತಿಯೊಂದನ್ನು 30 ಸೆಕೆಂಡು ನೋಡಿ 4 ನಿಮಿಷದಲ್ಲಿ ಕಥೆ ಬರೆಯಬೇಕು. ನಂತರ 60 ಪದಗಳು, ಒಂದೊಂದಕ್ಕೂ 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದ ವಾಕ್ಯ. ಆಮೇಲೆ 60 ಸನ್ನಿವೇಶಗಳು, 30 ನಿಮಿಷ. ಕೊನೆಗೆ ತಂದೆತಾಯಿ, ಶಿಕ್ಷಕರು, ಗೆಳೆಯರು ನಿಮ್ಮ ಬಗ್ಗೆ ಏನೆನ್ನುತ್ತಾರೆ ಮತ್ತು ನೀವು ನಿಮ್ಮ ಬಗ್ಗೆ ಏನೆನ್ನುತ್ತೀರಿ ಎಂಬ ಆತ್ಮವಿವರಣೆ. ಮನೋವಿಜ್ಞಾನಿ ಇವುಗಳಿಂದ ಕಂಡುಕೊಂಡದ್ದನ್ನು, ಸಂದರ್ಶಕರೂ ಗುಂಪು ಚಟುವಟಿಕೆ ನಡೆಸಿದ ಅಧಿಕಾರಿಯೂ ಬೇರೆ ಬೇರೆಯಾಗಿ ಕಂಡುಕೊಂಡದ್ದರೊಡನೆ ಕೊನೆಯ ದಿನದ ಸಭೆಯಲ್ಲಿ ತಾಳೆ ನೋಡಲಾಗುತ್ತದೆ. ಮನಸಾ, ವಾಚಾ, ಕರ್ಮಣಾ ಎಂಬುದೇ ಅದರ ಸೂತ್ರ. ಒಬ್ಬರ ಮಾತಿನ ಮೇಲೆ ತೀರ್ಮಾನ ನಿಲ್ಲುವುದಿಲ್ಲವಾದ್ದರಿಂದ, ಈ ಲೇಖನದಲ್ಲಿ ಬಂದ ಯಾವುದೇ ಪರೀಕ್ಷೆಗಿಂತ ಅದರ ಏರ್ಪಾಡು ಗಟ್ಟಿ ಎಂಬುದು ನನ್ನ ಅನಿಸಿಕೆ.

ತಯಾರಿಯ ಹೆಸರಿನಲ್ಲಿ ಬಾಯಿಪಾಠ ಮಾಡಿದ ಕಥೆಗಳನ್ನು ಬರೆಯುವುದು ಇಲ್ಲಿಯ ದೊಡ್ಡ ಅಪಾಯ: ಬರೆದ ಕಥೆಯ ನಾಯಕ ಧೀರನಾಗಿದ್ದು, ಮರುದಿನ ಮೈದಾನದಲ್ಲಿ ನೀವು ಹಿಂದೆ ಸರಿದು ನಿಂತರೆ ಆ ಅಂತರ ಎದ್ದು ಕಾಣುತ್ತದೆ. ಗಡಿಯಾರ ಇಟ್ಟುಕೊಂಡು ವೇಗವಾಗಿ ಬರೆಯುವ ಅಭ್ಯಾಸವನ್ನಷ್ಟೇ ಮಾಡಿ, ಮತ್ತು ಆತ್ಮವಿವರಣೆಗಾಗಿ ಆ ಮಾತುಗಳನ್ನು ನಿಜವಾಗಿಯೂ ತಂದೆತಾಯಿಯನ್ನೂ ಶಿಕ್ಷಕರನ್ನೂ ಕೇಳಿ ಬರೆದುಕೊಳ್ಳಿ. ಆಯ್ಕೆಯಾಗದವರು ಮತ್ತೆ ಹಾಜರಾಗಬಹುದು. ವಯೋಮಿತಿ ಮತ್ತಿತರ ಷರತ್ತುಗಳು ಪ್ರವೇಶದ ಬಗೆಯಿಂದ ಬಗೆಗೆ ಬೇರೆಯಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿಕೊಂಡು ಅರ್ಜಿ ಹಾಕಿ.